ಎಬ್ಬಿಸಿ ನಿಲ್ಲಿಸುವ ಗಂಟೆ

ಚರ್ಚಿನ ಸಭಾಂಗಣದಲ್ಲಿ ಕುರ್ಚಿ ಎಳೆಯುವ ಸದ್ದು, ಮೈಕು ಕೀರಲಿಡುವ ಸದ್ದು. ತೀರಿಹೋದ ಪಾದ್ರಿಗಳ ನೆನಪಿನ ಸಮಾರಂಭ, ವೇದಿಕೆಯ ಮೇಲೆ ಅವರ ಆಳೆತ್ತರದ ಪಟ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿಗೆ ಒಳಗೊಳಗೇ ನಗು, ಸಿಟ್ಟು ಎರಡೂ. ಮದುವೆಯ ದಿನವೂ ಇಷ್ಟು ಇಸ್ತ್ರಿಯಾದ ಅಂಗಿ ತೊಟ್ಟವರಲ್ಲ ಈ ಮನುಷ್ಯ! ಪಟ ಬರೆದವನು ಹಣೆಯ ಕಲೆಯನ್ನೂ ಅಳಿಸಿಬಿಟ್ಟಿದ್ದ.

ಆ ಕಲೆ ಇದೇ ಊರಿನವರು ಎಸೆದ ಕಲ್ಲಿನದು. ಯಾರಾದರೂ ತೀರಿಕೊಂಡರೆ ಚರ್ಚಿನ ದೊಡ್ಡ ಗಂಟೆ ಬಾರಿಸುವುದು, ಕೇಳಿದವರು ಎಲ್ಲಿದ್ದರೂ ಎದ್ದು ನಿಲ್ಲುವುದು ಊರಿನ ರೂಢಿ. ಚರಂಡಿ ಬಳಿಯುವವರು, ಬೀದಿ ಗುಡಿಸುವವರು ಸತ್ತರೆ ಮಾತ್ರ ಚಿಕ್ಕ ಗಂಟೆ. ಅದಕ್ಕೆ ಯಾರೂ ಏಳಬೇಕಾಗಿರಲಿಲ್ಲ. ಮ್ಯಾನ್‌ಹೋಲಿಗೆ ಇಳಿದವನೊಬ್ಬ ಹೆಣವಾಗಿ ಮೇಲೆ ಬಂದ ದಿನ ಪಾದ್ರಿಗಳು ದೊಡ್ಡ ಗಂಟೆಯನ್ನೇ ಎಳೆದರು. ಅಲ್ಲಿಂದ ಶುರು: ಕಲ್ಲು, ಮೆರವಣಿಗೆ, ಜೈಲು. ಆ ಜನರಿಗೆ ಶಾಲೆಯ ಬಾಗಿಲು ತೆರೆದದ್ದು ಹಾಗೆ. ಪಾದ್ರಿಗಳು ತೀರಿಕೊಂಡ ಮೇಲೆ, ಪದೇ ಪದೇ ಎಳೆದರೆ ಹಗ್ಗ ಸವೆಯುತ್ತದೆ ಎಂಬ ನೆಪದಲ್ಲಿ ಚಿಕ್ಕ ಗಂಟೆ ಮೆಲ್ಲಗೆ ಮರಳಿ ಬಂತು. ದೊಡ್ಡವರು ಸತ್ತಾಗ ಮಾತ್ರ ಆ ಹಗ್ಗ ಸವೆಯುತ್ತಿರಲಿಲ್ಲ!

ಬಾಗಿಲಲ್ಲಿ ಚರಂಡಿ ಕೆಲಸದವನೊಬ್ಬ ಹಿಂಜರಿಯುತ್ತಾ ನಿಂತಿದ್ದ. ಅವನ ತಾಯಿ ಪಾದ್ರಿಗಳ ಜೊತೆ ಜೈಲು ಕಂಡ ಹೆಂಗಸು. ಪಾದ್ರಿಗಳ ಹೆಂಡತಿ ಎದ್ದು ಅವನ ಬಳಿ ಹೋದರು.

"ನಮ್ಮಮ್ಮ ಹೋಗ್ಬಿಟ್ರು ಅಮ್ಮಾ. ದೊಡ್ಡ ಗಂಟೆ ಹೊಡೆಸ್ತೀರಾ?"

ಪಾದ್ರಿಗಳ ಹೆಂಡತಿ ಬಾಯಿ ತೆರೆಯುವ ಮೊದಲೇ ಸಮಾರಂಭದ ಅಧ್ಯಕ್ಷರಾದ ವಕೀಲರು ನಡುವೆ ಬಂದರು. "ಪಾಪ, ಒಳ್ಳೇ ಹೆಂಗಸು. ಆದ್ರೆ ಮಂತ್ರಿಗಳು ಬರೋ ಹೊತ್ತಪ್ಪ. ದೊಡ್ಡದು ಹೊಡೆದ್ರೆ ಎಲ್ರೂ ಎದ್ದು ನಿಲ್ಬೇಕಾಗುತ್ತೆ. ಚಿಕ್ಕದು ಹೊಡೆಸ್ತೀನಿ, ಆಯ್ತಾ?"

"ಅವಳು ಚಿಕ್ಕದಾಗಿ ಸತ್ಲಾ ವಕೀಲರೇ?" ಎಂದರು ಪಾದ್ರಿಗಳ ಹೆಂಡತಿ.

"ನನ್ನ ಕಷ್ಟಾನೂ ನೋಡಿ ಅಮ್ಮಾ. ಮಂತ್ರಿಗಳನ್ನ ಕರೆಸೋಕೆ ಎಷ್ಟು ಜನರ ಕೈಕಾಲು ಹಿಡಿದಿದೀನಿ! ಅವರು ಖುಷಿಯಾದ್ರೆ ಇವರ ಬೀದಿಗೇ ನೀರಿನ ಪೈಪು ಬರುತ್ತೆ. ಪಾದ್ರಿಗಳಿದ್ದಿದ್ರೂ ಒಪ್ತಿದ್ರು."

"ಅವರು ಯಾವುದಕ್ಕೆ ಒಪ್ತಿದ್ರು ಅಂತ, ಅವರ ಅಂಗಿ ಮೇಲಿನ ರಕ್ತ ತೊಳೆದವಳಿಗೆ ಹೇಳ್ತೀರಾ?"

"ಬಿಡಿ ಅಮ್ಮಾ," ಎಂದ ಮಗ. "ನಮಗಿದು ಅಭ್ಯಾಸ ಆಗಿದೆ."

ವಕೀಲರ ಮಾತಿಗಿಂತ ಹೆಚ್ಚಾಗಿ ಈ ಮಾತಿಗೆ ಪಾದ್ರಿಗಳ ಹೆಂಡತಿಯ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಮಂತ್ರಿಗಳು ಬಂದರು, ಹಾರ ಬಿತ್ತು. ಪಾದ್ರಿಗಳು ಸಮಾನತೆಯ ಹರಿಕಾರರೆಂದು ವಕೀಲರು ಗಂಟಲು ಉಬ್ಬಿಸಿ ಹೇಳಿದರು, ಚಪ್ಪಾಳೆಯೂ ಬಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದುಕೊಂಡರು ಹೆಂಡತಿ. ಮಾತಾಡಲು ಅವರನ್ನು ಕರೆದಾಗ ಎದ್ದವರು ವೇದಿಕೆ ಹತ್ತಲಿಲ್ಲ. ಪಕ್ಕದ ಬಾಗಿಲಿನಿಂದ ಗೋಪುರದ ಕೆಳಗೆ ಹೋಗಿ ದೊಡ್ಡ ಗಂಟೆಯ ಹಗ್ಗ ಹಿಡಿದರು.

"ಅಮ್ಮಾ, ನನ್ನ ಕೆಲಸ ಹೋಗುತ್ತೆ!" ಗಂಟೆ ಬಾರಿಸುವವನು ಓಡಿ ಬಂದ.

"ನೀನು ಮುಟ್ಬೇಡಪ್ಪ. ನಾನೇ ಎಳೀತೀನಿ."

ಎಳೆದರು. ಗಂಟೆ ಜಗ್ಗಲಿಲ್ಲ. ಜೋತುಬಿದ್ದು ಮತ್ತೆ ಎಳೆದರು, ಅಂಗೈಯ ಚರ್ಮ ಕಿತ್ತುಬಂತು. ಅವನು ಅತ್ತಿತ್ತ ನೋಡಿದ, ಏನೋ ಗೊಣಗಿಕೊಂಡ.

"ಹಾಗಲ್ಲಮ್ಮ. ಸೊಂಟ ಬಗ್ಗಿಸಿ ಎಳೀಬೇಕು," ಎನ್ನುತ್ತಾ ಹಗ್ಗಕ್ಕೆ ತಾನೂ ಕೈ ಹಾಕಿದ.

ದೊಡ್ಡ ಗಂಟೆ ಮೊಳಗಿತು. ಸಭಾಂಗಣದಲ್ಲಿ ಕುರ್ಚಿಗಳು ಒಂದೇ ಸಲ ಹಿಂದೆ ಸರಿದವು. ರೂಢಿ ಗೊತ್ತಿಲ್ಲದ ಮಂತ್ರಿಗಳೂ ಗಡಬಡಿಸಿ ಎದ್ದರು. "ಯಾರ್ರೀ ಹೋಗಿದ್ದು?"

ವಕೀಲರಿಗೆ ನುಂಗಲಾರದ ಬಿಸಿತುಪ್ಪ. ತೆರೆದ ಬಾಗಿಲಿನಾಚೆ ಹಗ್ಗಕ್ಕೆ ಜೋತುಬಿದ್ದ ಮುದುಕಿಯನ್ನು ನೋಡಿದರು, ಆಮೇಲೆ ಸಭೆಯ ಹಿಂದೆ ಬಾಗಿಲಲ್ಲೇ ನಿಂತಿದ್ದ ಚರಂಡಿ ಕೆಲಸದವನನ್ನು. ತಡವಾಗಿಯಾದರೂ ಕೈ ಮುಗಿದು ಮೈಕಿನಲ್ಲೇ ಹೇಳಿದರು: "ಅಲ್ಲಿ ನಿಂತಿದ್ದಾರಲ್ಲ, ಅವರ ತಾಯಿ."

ಎಲ್ಲರೂ ಆ ಕಡೆ ತಿರುಗಿದರು. ಜೀವಮಾನವೆಲ್ಲ ಈ ಗಂಟೆಗೆ ತಾನೇ ಎದ್ದು ನಿಂತವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹತ್ತಿರದ ಖಾಲಿ ಕುರ್ಚಿಯಲ್ಲಿ ಕುಸಿದ. ಊರೆಲ್ಲ ನಿಂತಿತ್ತು, ಅವನೊಬ್ಬನೇ ಕೂತು ತಾಯಿಗಾಗಿ ಅತ್ತ.