ಎರಡು ಬಡಿತ

ನರ್ಸಕ್ಕ ಚಾಲಕನ ಬೆನ್ನ ಹಿಂದಿನ ತಗಡಿನ ಗೋಡೆಗೆ ಇನ್ನೊಂದು ಸಲ ಬಡಿದಳು. ಆಂಬುಲೆನ್ಸ್ ನಿಧಾನವಾಗಲಿಲ್ಲ. ಸೈರನ್ ಕೂಗುವಾಗ ಹಿಂದೆ ಕೂತವರ ಮಾತು ಮುಂದಿನ ಸೀಟಿಗೆ ಮುಟ್ಟುವುದಿಲ್ಲವೆಂದು ಅವಳೂ ಚಾಲಕನೂ ಎಷ್ಟೋ ವರ್ಷಗಳ ಹಿಂದೆ ಮಾಡಿಕೊಂಡಿದ್ದ ಏರ್ಪಾಡು ಅದು. ಒಂದು ಬಡಿತವೆಂದರೆ ನಿಧಾನ, ಸೂಜಿ ಚುಚ್ಚಬೇಕು. ಎರಡೆಂದರೆ ನಿಲ್ಲಿಸು. ಅವಳು ಎರಡು ಬಡಿದಳು. ಗಾಡಿ ಸೇತುವೆ ದಾಟಿ ಓಡುತ್ತಲೇ ಇತ್ತು.

ಇವತ್ತು ಸ್ಟ್ರೆಚರಿನ ಮೇಲೆ ರೋಗಿ ಇರಲಿಲ್ಲ. ಇದು ಚಾಲಕ ಗಾಳಿರಾಯನ ಪರೀಕ್ಷೆ. ಅವನ ಓಟ ನೋಡಿ ಆಸ್ಪತ್ರೆಯವರೇ ಇಟ್ಟ ಹೆಸರು ಅದು. ಹೋದ ವರ್ಷ ನಾಲ್ಕು ರಸ್ತೆ ಕೂಡುವಲ್ಲಿ ಲಾರಿ ಗುದ್ದಿ ಅವರ ಗಾಡಿ ಮಗುಚಿದಾಗ ಅವನ ಕಾಲು ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಅಕ್ಕನ ಬಲ ಮಣಿಕಟ್ಟಿನೊಳಗೆ ಈಗ ಲೋಹದ ಪಟ್ಟಿಯೊಂದಿದೆ. ಚಳಿ ಬಿದ್ದ ಬೆಳಿಗ್ಗೆ ಅದು ಅವಳಿಗಿಂತ ಮೊದಲೇ ಎದ್ದು ಕೂರುತ್ತದೆ. ಕಾಲು ನೆಟ್ಟಗಾದ ಮೇಲೂ ಗಾಳಿರಾಯ ಉಗ್ರಾಣದಲ್ಲಿ ಸಿಲಿಂಡರ್ ಉರುಳಿಸುತ್ತ, ಕಂಡಕಂಡವರ ಮೇಲೆ ಸಿಡುಕುತ್ತ ಇದ್ದ. ಇವತ್ತು ಅಕ್ಕ ಹೂಂ ಅಂದರೆ ಸೋಮವಾರದಿಂದ ಅವನ ಸೀಟು ಅವನಿಗೆ.

ಅಂಗಳದಲ್ಲಿ ಗಾಡಿ ನಿಲ್ಲಿಸಿ ಅವನು ಹಿಂದಿನ ಬಾಗಿಲು ತೆಗೆದ. ಮುಖದ ತುಂಬ ನಗು.

"ಹೇಗಿತ್ತಕ್ಕ? ಬೆಣ್ಣೇಲಿ ಕೂದಲು ತೆಗೆದ ಹಾಗೆ ಓಡಿಸ್ಲಿಲ್ವಾ?"

"ನಾನು ಬಡಿದೆನಲ್ಲೋ!"

ನಗು ಅರೆಕ್ಷಣ ಅಲ್ಲೇ ನಿಂತಿತು. "ಬಡಿದ್ರಾ? ನಿಮ್ಮ ಕೈಲಿ ಮೊದಲಿನ ಕಸುವಿಲ್ಲ ಬಿಡಿ. ಬೆಕ್ಕು ಕದ ಕೆರೆದ ಹಾಗೆ ಬಡಿದ್ರೆ ಯಾರಿಗೆ ಕೇಳ್ಸುತ್ತೆ?"

ಆ ಮಾತು ಅವಳಿಗೆ ನಾಟಿತು. ಮನೆಯಲ್ಲಿ ಪಾತ್ರೆ ಜಾರಿ ಬಿದ್ದಾಗಲೆಲ್ಲ ಅವಳೂ ಆ ಕೈಯನ್ನೇ ಬೈದುಕೊಳ್ಳುತ್ತಿದ್ದಳು. ತನ್ನದೇ ತಪ್ಪಿರಬಹುದು, ಪಾಪ, ಅವನೇನು ಮಾಡಿಯಾನು?

"ಇನ್ನೊಂದು ಸುತ್ತು ಹೋಗಿಬರೋಣ" ಎಂದಳು.

ಈ ಸಲ ಸಿಲಿಂಡರ್ ಬಿಚ್ಚುವ ಸ್ಪ್ಯಾನರನ್ನು ಎಡಗೈಯಲ್ಲಿ ಹಿಡಿದು ಬಡಿದಳು. ಒಂದು. ಆಮೇಲೆ ಎರಡು. ಆಮೇಲೆ ಲೆಕ್ಕವಿಲ್ಲದೆ. ತಗಡು ತಗ್ಗಾಯಿತು. ಗಾಜಿನ ಕಿಂಡಿಯಲ್ಲಿ ಅವನ ತಲೆಯ ಹಿಂಭಾಗ ಕಾಣುತ್ತಿತ್ತು, ಅದು ಅಲುಗಲಿಲ್ಲ. ಅವನು ಸಿಳ್ಳೆ ಹಾಕುತ್ತಿದ್ದನೆಂದು ಕೆನ್ನೆಯಿಂದ ತಿಳಿಯುತ್ತಿತ್ತು. ಅವಳಿಗೆ ಒಂದೊಂದೇ ಹೊಳೆಯತೊಡಗಿತು. ಅವನು ಫೋನನ್ನು ಬಲಗಿವಿಗೇ ಹಿಡಿಯುತ್ತಿದ್ದುದು. ಎಡಗಡೆಯಿಂದ ಮಾತಾಡಿಸಿದರೆ ತಿರುಗಿಯೂ ನೋಡದೆ ಹೋಗುತ್ತಿದ್ದುದು. ಅಪಘಾತವಾದ ಮೇಲೆ ಇವನಿಗೆ ಜಂಬ ಬಂದಿದೆ ಎಂದು ಅವಳೂ ನಾಲ್ಕು ಜನರೆದುರು ಆಡಿದ್ದಳು. ನೆನೆದರೆ ನಾಚಿಕೆಯಾಯಿತು.

ಮರಳಿ ಬಂದಾಗ ಅವಳು ಅವನನ್ನು ಒಳಗೆ ಕರೆದು ತಗಡು ತೋರಿಸಿದಳು. ಅವನು ಅಲ್ಲೇ ಕೂತು ಆ ತಗ್ಗಿನೊಳಗೆ ಬೆರಳಿಟ್ಟ.

"ಎಡಗಿವಿ ಪೂರ್ತಿನಾ?"

"ಪೂರ್ತಿ. ಬಲಗಿವೀನೂ ಅರ್ಧಂಬರ್ಧ, ಗದ್ದಲದಲ್ಲಿ ಅದೂ ಇಲ್ಲ. ಸೈರನ್ ಒಂದು ಮಾತ್ರ ಒಳಗೇ ಕೂಗ್ತಿರುತ್ತೆ. ಗಾಡಿ ನಿಂತಿದ್ರೂ, ನಾನು ಮಲಗಿದ್ರೂ." ಅವನು ತಲೆಯೆತ್ತಲಿಲ್ಲ. "ಹೇಳ್ಬೇಡಿ ಅಕ್ಕ, ದಮ್ಮಯ್ಯ. ಆ ಉಗ್ರಾಣದಲ್ಲಿ ನನ್ನ ಉಸಿರು ಕಟ್ಟುತ್ತೆ."

"ಹಿಂದೆ ಮಲಗಿರೋರ ಉಸಿರು?"

ಅವನ ಬೆರಳು ಮತ್ತೆ ತಗ್ಗಿಗೆ ಹೋಯಿತು.

ಅಷ್ಟರಲ್ಲಿ ಮೇಲ್ವಿಚಾರಕರು ಚಹಾದ ಲೋಟ ಹಿಡಿದೇ ಬಂದು ಬಾಗಿಲಲ್ಲಿ ನಿಂತರು. ಬಾಗಿಲು ಅವನ ಎಡಕ್ಕಿತ್ತು.

"ಏನಪ್ಪ ಗಾಳಿರಾಯ, ಪಾಸೋ ಫೇಲೋ?"

ಅವನು ತಗ್ಗನ್ನೇ ನೋಡುತ್ತಿದ್ದ. ಮೇಲ್ವಿಚಾರಕರು ಅಕ್ಕನ ಮುಖ ನೋಡಿದರು. ಹೂಂ ಅಂದುಬಿಡಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಮಗುಚಿದ ಗಾಡಿಯಿಂದ ಮುರಿದ ಕಾಲಲ್ಲೇ ತೆವಳಿ ಬಂದು ಅವಳನ್ನು ಹೊರಗೆಳೆದವನು ಇವನೇ.

ಅವಳು ಎದ್ದು, ಸ್ಟ್ರೆಚರ್ ಬಳಸಿಕೊಂಡು ಬಂದು ಅವನ ಬಲಗಡೆ ಕೂತಳು.

"ಸಾಹೇಬ್ರು ಕೇಳ್ತಿದಾರೆ" ಎಂದಳು. "ನೀನೇ ಹೇಳು."

ಅವನು ಬಾಗಿಲ ಕಡೆ ತಿರುಗಿದ. ಜೇಬಿನಿಂದ ಗಾಡಿಯ ಕೀಲಿಕೈ ತೆಗೆದ. ಅಕ್ಕ ಎಡಗೈ ಚಾಚಿದಳು. ಅವನು ಅದನ್ನು ಪಕ್ಕಕ್ಕೆ ಸರಿಸಿ, ಪಟ್ಟಿಯಿದ್ದ ಬಲಗೈಯನ್ನೇ ಎಳೆದುಕೊಂಡು, ಕೀಲಿಕೈಯನ್ನು ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದ.