ಎರಡು ಪೊಟ್ಟಣ

ನನ್ನ ಬೀಗರು ಗಡಿಯಾರ ರಿಪೇರಿ ಮಾಡುವವರು. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದವನು. ಮಗಳನ್ನು ಅವರ ಮನೆಗೆ ಕೊಟ್ಟ ಮೇಲೆ ನಮ್ಮಿಬ್ಬರಿಗೂ ಒಂದೇ ಹುಚ್ಚು ಹಿಡಿಯಿತು, ಭಾನುವಾರ ಬೆಳಿಗ್ಗೆ ಓಡುವುದು. ಅವರು ಕೂತು ಕೂತು ಸೊಂಟ ಹಿಡಿದವರು, ನಾನು ನಿಂತು ನಿಂತು ಕಾಲು ಬಲಿತವನು. ಹಾಗಾಗಿ ನಾನು ಮುಂದೆ, ಅವರು ನಾಲ್ಕು ಹೆಜ್ಜೆ ಹಿಂದೆ. ಗಡಿಯಾರ ನೋಡಿ ಹೊತ್ತು ಹೇಳುವುದು ಅವರ ಕೆಲಸ. ಅವರು ಬರುತ್ತಿದ್ದಾರೋ ಇಲ್ಲವೋ ಎಂದು ಆಗಾಗ ತಿರುಗಿ ನೋಡುವುದು ನನ್ನದು.

"ಹೆಣ್ಣು ಕೊಟ್ಟೋರು ಸ್ವಲ್ಪ ತಗ್ಗಿ ಬಗ್ಗಿ ಓಡ್ಬೇಕು ಬೀಗ್ರೇ," ಎಂದು ಹಿಂದಿನಿಂದ ಕೂಗುತ್ತಿದ್ದರು.

"ಗಂಡಿನ ಕಡೆಯೋರು ಬರೋದು ಯಾವಾಗ್ಲೂ ತಡಾನೇ ಬಿಡಿ," ಎನ್ನುತ್ತಿದ್ದೆ.

ಹಾಗೇ ಊರಿನ ಮ್ಯಾರಥಾನ್ ಓಟಕ್ಕೂ ಹೆಸರು ಕೊಟ್ಟೆವು. ಆ ನಲವತ್ತೆರಡು ಕಿಲೋಮೀಟರನ್ನು ಶುರುವಾದ ಆರು ಗಂಟೆಗಳೊಳಗೆ ಮುಗಿಸಬೇಕು, ಆಮೇಲೆ ಕೊನೆಯ ಗೇಟು ಹಾಕಿಬಿಡುತ್ತಾರೆ. ಮೊದಲ ವರ್ಷ ಗೇಟು ಹಾಕಿದಾಗ ನಾವಿಬ್ಬರೂ ಇನ್ನೂ ಒಂದು ಫರ್ಲಾಂಗು ದೂರದಲ್ಲಿದ್ದೆವು. ಬೀಗರು ನಕ್ಕರು. ನನಗೆ ನಗಲಾಗಲಿಲ್ಲ. ಲಾಂಡ್ರಿಯ ಹುಡುಗಿಯರು ವರ್ಷವಿಡೀ, "ತಾತ, ಗೇಟು ತೆಗೆದ್ರಾ?" ಎಂದು ಕೇಳುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ಎರಡನೇ ವರ್ಷ, ಓಟದ ದಿನ ಮಗಳು ಉಪ್ಪು ಸಕ್ಕರೆ ಬೆರೆಸಿ ಎರಡು ಕಾಗದದ ಪೊಟ್ಟಣ ಕಟ್ಟಿಕೊಟ್ಟಳು.

"ಅಪ್ಪಾ, ಒಂದು ನಿಂದು, ಒಂದು ಮಾವಂದು. ಅವ್ರಿಗೆ ಕಾಲು ಹಿಡ್ಕೊಳ್ಳುತ್ತೆ. ಅವ್ರ ಚಡ್ಡೀಲಿ ಜೇಬಿಲ್ಲ, ನಿನ್ನ ಹತ್ರಾನೇ ಇರ್ಲಿ."

ಎರಡನ್ನೂ ಸೊಂಟದ ಚೀಲಕ್ಕೆ ಹಾಕಿಕೊಂಡೆ.

ಮೂವತ್ತೈದನೇ ಕಿಲೋಮೀಟರಿನ ಫಲಕ ದಾಟುವ ಹೊತ್ತಿಗೆ ಮನುಷ್ಯನ ಬುದ್ಧಿ ತೀರಾ ಚಿಕ್ಕದಾಗಿಬಿಡುತ್ತದೆ. ರಸ್ತೆ ಇಲ್ಲ, ಜನ ಇಲ್ಲ, ಮುಂದಿನ ದೀಪದ ಕಂಬ ಒಂದೇ. ನನ್ನ ಕಣ್ಣಿಗೆ ಆ ಗೇಟೂ ಕಟ್ಟಿದಂತಿತ್ತು.

"ಓಟ ಶುರುವಾಗಿ ಐದು ಗಂಟೆ ಆಗಕ್ಕೆ ಐದು ನಿಮಿಷ ಇದೆ. ಹೀಗೇ ಹೋದ್ರೆ ಈ ಸಲ ಸಿಗುತ್ತೆ," ಎಂದರು ಬೀಗರು.

ಅದಾಗಿ ಸ್ವಲ್ಪ ಹೊತ್ತಿಗೆ ಹಿಂದಿನ ಹೆಜ್ಜೆ ಸದ್ದು ನಿಂತಿತು.

"ಬೀಗ್ರೇ! ಕಾಲು ಹಿಡ್ಕೊಳ್ತು! ಬೀಗ್ರೇ!"

ಸ್ಪಷ್ಟವಾಗಿ ಕೇಳಿಸಿತು. ನಿಂತರೆ ಗೇಟು ಹೋಯಿತು ಅಂದುಕೊಂಡೆ. ಕಾಲು ತಾನಾಗಿಯೇ ಓಡಿತು ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಓಡಿಸಿದ್ದು ನಾನೇ.

ಇನ್ನೂ ಮೂರು ಕಿಲೋಮೀಟರ್ ಆದ ಮೇಲೆ ತಲೆ ಸುತ್ತಿತು. ನನ್ನ ಪೊಟ್ಟಣ ಆಗಲೇ ಮುಗಿದಿತ್ತು. ಅವರದನ್ನೂ ಬಿಚ್ಚಿ ಬಾಯಿಗೆ ಸುರಿದುಕೊಂಡೆ. ಕಾಗದವನ್ನೂ ನೆಕ್ಕಿದೆ.

ನಾಲ್ಕು ನಿಮಿಷ ಉಳಿದಿರುವಾಗ ಗೇಟಿನ ಒಳಗೆ ಹೋದೆ. ಕೊರಳಿಗೆ ಪದಕ ಹಾಕಿದರು. ಆಮೇಲೆ, ಓಡಲಾರದೆ ಕೂತವರನ್ನು ತುಂಬಿಕೊಂಡು ವ್ಯಾನು ಬಂತು. ಬೀಗರು ಡ್ರೈವರನ ಹೆಗಲು ಹಿಡಿದು ಇಳಿದರು. ಗೇಟಿನ ಹತ್ತಿರ ಕಾಯುತ್ತಿದ್ದ ಮಗಳು ಅವರ ಬಳಿಗೆ ಓಡಿದಳು.

"ಪೊಟ್ಟಣ ತಿನ್ಲಿಲ್ವಾ ಮಾವ?"

ಬೀಗರು ನನ್ನ ಕಡೆ ನೋಡಲಿಲ್ಲ.

"ತಿಂದೆ ಕಣಮ್ಮ. ಸ್ಪ್ರಿಂಗೇ ಹೋಗಿರೋ ಗಡಿಯಾರಕ್ಕೆ ಎಷ್ಟು ಕೀ ಕೊಟ್ರೇನು?"

ಅವಳು ನಕ್ಕಳು. ನಾನು ಪದಕವನ್ನು ಬನಿಯನ್ನಿನೊಳಕ್ಕೆ ತೂರಿಸಿಕೊಂಡೆ. ಅದು ಬೆವರಿದ ಎದೆಗೆ ತಣ್ಣಗೆ ಅಂಟಿಕೊಂಡಿತು.

ಮೂರು ವಾರ ತಲೆ ತಪ್ಪಿಸಿಕೊಂಡೆ. ನಾಲ್ಕನೇ ಭಾನುವಾರ ಅವರೇ ಮನೆಗೆ ಬಂದರು. ನಮ್ಮ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದರು.

"ಬೀಗ್ರೇ," ಎಂದೆ, "ಅವತ್ತು ನೀವು ಕೂಗಿದ್ದು ನನಗೆ ಕೇಳಿಸ್ತು."

"ಗೊತ್ತು," ಎಂದರು, ತಲೆ ಎತ್ತದೆ. "ನೂರು ಹೆಜ್ಜೆಗೊಂದ್ಸಲ ತಿರುಗಿ ನೋಡೋರು ನೀವು. ಕೇಳಿಸದೇ ಇದ್ದಿದ್ರೆ ಅವತ್ತೂ ತಿರುಗಿ ನೋಡ್ತಿದ್ರಿ."

ನಾನು ಬಾಗಿಲ ಚಿಲಕ ಹಿಡಿದುಕೊಂಡೇ ನಿಂತೆ. ತಪ್ಪಾಯಿತು ಅನ್ನಲು ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಎದ್ದುಬಿಟ್ಟರು.

"ನಡೀರಿ, ಬಿಸಿಲೇರುತ್ತೆ."

ಓಡಿದೆವು. ನಾನು ಮುಂದೆ, ಅವರು ನಾಲ್ಕು ಹೆಜ್ಜೆ ಹಿಂದೆ. ಹೊತ್ತು ಹೇಳಿದರು. ಹೆಣ್ಣು ಕೊಟ್ಟವರ ತಮಾಷೆ ಬರಲಿಲ್ಲ. ತಿರುವಿನಲ್ಲಿ ತಿರುಗಿ ನೋಡಿದೆ. ಅವರ ಚಡ್ಡಿಗೆ ಹೊಸದಾಗಿ ಒಂದು ಜೇಬು ಹೊಲಿಸಿದ್ದರು. ಅದರ ಬಾಯಲ್ಲಿ ಕಾಗದದ ಪೊಟ್ಟಣದ ತುದಿ ಕಾಣುತ್ತಿತ್ತು.