ಜೋಡಿಯಾಗದ ರ‍್ಯಾಮ್

ನೂರ ಹನ್ನೆರಡನೇ ಫೋಟೋ ಅರ್ಧ ತೆರೆದು ನಿಂತುಬಿಟ್ಟಿತು. ಮದುಮಗಳ ಹಣೆ, ಬಾಸಿಂಗ ಕಂಡಿತ್ತು. ಮೂಗಿನಿಂದ ಕೆಳಕ್ಕೆ ಬರೀ ಬೂದು ಬಣ್ಣ.

"ಇದೇನಮ್ಮ, ಇಡೀ ಆಲ್ಬಮ್ ಒಂದೇ ಸಲಕ್ಕೆ ತೆಗೀತದೆ ಅಂದ್ರಿ?" ಪಕ್ಕದ ಕುರ್ಚಿಯಲ್ಲಿದ್ದ ಕದಿರೇಶ್ ಕೇಳಿದ. ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ಹತ್ತಿರ ಅವನ ಫೋಟೋ ಸ್ಟುಡಿಯೋ. "ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಕೋಲಾರದಲ್ಲೇ ಮಾಡಿಸ್ತೀನಿ."

"ಹತ್ತು ನಿಮಿಷ ಕೂತ್ಕೊಳಿ ಅಣ್ಣ. ಕಟ್ಟಿದೋಳು ನಾನೇ, ಬಿಚ್ಚೋಕೂ ಬರ್ತದೆ."

ರಜನಿ ಎರಡು ವರ್ಷ ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡಿ ಬೇರೆಯವರ ಅಂಗಡಿಯಲ್ಲಿ ಆಲ್ಬಮ್ ಡಿಸೈನ್ ಮಾಡಿದವಳು. ಇನ್ನು ಮನೆಯಲ್ಲೇ ಸ್ವಂತ ಕೆಲಸ ಎಂದು ಹಟ ಹಿಡಿದು, ಒಂದೊಂದೇ ಭಾಗ ತರಿಸಿ ಈ ಕಂಪ್ಯೂಟರ್ ಜೋಡಿಸಿದ್ದಳು. ಇವನೇ ಮೊದಲ ಗಿರಾಕಿ. ಹೀಗೇ ಎದ್ದು ಹೋದರೆ ಊರೆಲ್ಲ ಸಾರಿಕೊಂಡು ಬರುತ್ತಾನೆ. ಅವನ ಬಾಯಿಗೆ ಬೀಗವಿಲ್ಲ.

ಅವಳಿಗೆ ಅನುಮಾನ ರ‍್ಯಾಮ್ ಮೇಲೆ. ತೆರೆದ ಫೋಟೋಗಳನ್ನೆಲ್ಲ ಹೊತ್ತು ನಿಲ್ಲುವುದು ಆ ಎರಡು ಬೆರಳಗಲದ ಪಟ್ಟಿಗಳೇ. ಮೊದಲೇ ಇದ್ದ ಹಳೆಯದೊಂದಕ್ಕೆ ಜೋಡಿಯಾಗಿ ಅದೇ ಕಂಪನಿಯದು, ಅದೇ ವೇಗದ್ದು ತರಲು ಗಂಡನಿಗೆ ಚೀಟಿ ಬರೆದುಕೊಟ್ಟಿದ್ದಳು. ಮಂಡಿಯಲ್ಲಿ ಮಾವು ಮುಟ್ಟಿಯೇ ತೂಕ ಹೇಳುವ ನಂದೀಶ್ ಚೀಟಿ ನೋಡುವ ಗೋಜಿಗೆ ಹೋಗಿರಲಿಲ್ಲ. "ಅದೂ ಎಂಟು ಜಿಬಿ, ಇದೂ ಎಂಟು ಜಿಬಿ" ಎಂದು ಬೇರೆ ಕಂಪನಿಯ, ಇನ್ನೂ ಹೆಚ್ಚು ವೇಗದ್ದನ್ನು ತಂದಿದ್ದ.

ಹಳೆಯದೊಂದನ್ನೇ ಹಾಕಿದಳು. ಕಂಪ್ಯೂಟರ್ ಎದ್ದಿತು. ಹೊಸದೊಂದನ್ನೇ ಹಾಕಿದಳು. ಪರದೆ ಕಪ್ಪು.

"ವಾಪಸ್ ಕೊಟ್ಟು ಬರೋದೇ," ಎಂದ ಕದಿರೇಶ್, ಬೈಕಿನ ಕೀಲಿ ಹುಡುಕುತ್ತಾ.

ರಜನಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಏನೋ ಕೆಂಪು. ಬೆರಳಿಗೂ ಹತ್ತಿತು.

"ಅತ್ತೇ!"

ಆಂಧ್ರ ಗಡಿಯ ರಾಯಲ್ಪಾಡಿನಲ್ಲಿ ಹುಟ್ಟಿ ಬೆಳೆದ ಶಾಮಲಮ್ಮ ಅಡುಗೆಮನೆಯಿಂದ ಓಡಿಬಂದರು. "ಅಯ್ಯೋ ದೇವುಡಾ! ಹೊಸ ಸಾಮಾನು ಅಂತ ದೇವರ ಮುಂದಿಟ್ಟು ಒಂಚೂರು ಕುಂಕುಮ ಇಟ್ಟೆ ಕಣಮ್ಮ. ಡಬ್ಬಕ್ಕಿಟ್ರೆ ಒಳಗಿರೋದಕ್ಕೆ ಹೆಂಗೆ ಮುಟ್ತದೆ ಅಂತ..." ಅವರ ಮುಖ ಸಣ್ಣದಾಯಿತು.

ಸಿಟ್ಟು ಬರಬೇಕಿತ್ತು, ಬಂದದ್ದು ನಗು. ರಜನಿ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ಉಜ್ಜಿ, ಬ್ರಶ್ಶಿನಿಂದ ಗುಡಿಸಿ, ಟಕ್ಕೆನ್ನುವವರೆಗೆ ಒತ್ತಿದಳು. ಹೊಸದೂ ಎದ್ದಿತು. ಆದರೆ ಎರಡನ್ನೂ ಸೇರಿಸಿದರೆ ಮತ್ತೆ ಅದೇ ರಾಗ, ಫೋಟೋ ಅರ್ಧಕ್ಕೇ ನಿಂತಿತು. ಆಗ ಹೊಳೆಯಿತು: ಒಂದೊಂದೇ ಇದ್ದಾಗ ಅವು ತಮ್ಮ ತಮ್ಮ ಓಟ ಓಡಿದ್ದವು, ಜೋಡಿಯಾದಾಗ ಹೊಸದರ ವೇಗಕ್ಕೇ ಓಡಲಿ ಎಂದು ಸೆಟ್ಟಿಂಗ್ ಏರಿಸಿಟ್ಟವಳು ಅವಳೇ. ಹಳೆಯದು ಪಾಪ ಎಲ್ಲಿಂದ ಓಡೀತು?

"ಇದು ಮಾತ್ರ ನಂದೇ ತಪ್ಪು ಅಣ್ಣ," ಎಂದು ವೇಗವನ್ನು ಹಳೆಯದರ ಮಟ್ಟಕ್ಕೆ ಇಳಿಸಿದಳು.

ಫೋಟೋಗಳು ನೂರ ಹನ್ನೆರಡು ದಾಟಿದವು, ಮುನ್ನೂರು ದಾಟಿದವು. ಕದಿರೇಶ್ ಫೋಟೋ ತುಂಬಿ ತಂದಿದ್ದ ಹಾರ್ಡ್ ಡಿಸ್ಕನ್ನು ಅಲ್ಲೇ ಬಿಟ್ಟು ಎದ್ದ. "ಸೋಮವಾರ ಬರ್ತೀನಮ್ಮ. ಇನ್ನೆರಡು ಮದುವೆ ಐತೆ, ಅವೂ ನೀವೇ ಮಾಡಿ."

ಬೈಕಿನ ಸದ್ದು ಬೀದಿ ದಾಟಿದರೂ ಶಾಮಲಮ್ಮ ಅಡುಗೆಮನೆಯ ಬಾಗಿಲು ಬಿಟ್ಟು ಬರಲಿಲ್ಲ. ರಜನಿ ಖಾಲಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದಳು.

"ಬನ್ನಿ ಅತ್ತೆ, ಮದುವೆ ನೋಡೋಣ."

ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ಮೇಜಿಗೆ ತಾಗದಂತೆ ಕೂತರು. ರಜನಿ ಅವರ ಬಲಗೈಯನ್ನು ಹೊರಗೆಳೆದು ಮೌಸಿನ ಮೇಲಿಟ್ಟಳು.

"ಒತ್ತಿ."

ಶಾಮಲಮ್ಮ ಉಸಿರು ಬಿಗಿಹಿಡಿದು ಒತ್ತಿದರು. ಪರದೆಯ ಮೇಲೆ ಧಾರೆ ಮುಗಿದು, ಊಟದ ಪಂಕ್ತಿ ತೆರೆದುಕೊಂಡಿತು.